ಒಂದೇ ತರಹದ ಟ್ಯಾಕಲ್‌ಗೆ ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಒಮ್ಮೆ ಫ್ರೀ ಕಿಕ್, ಇನ್ನೊಮ್ಮೆ ಬಾಲ್-ಅಪ್ ಯಾಕೆ?

ಟ್ಯಾಕಲ್ ಅಂದ್ರೆ ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ನಿಲ್ಲಿಸುವುದು; ಬಾಲ್-ಅಪ್ ಅಂದ್ರೆ ಅಂಪೈರ್ ಚೆಂಡು ಮೇಲೆಸೆದು ಆಟ ಮತ್ತೆ ಶುರು ಮಾಡುವುದು. ಇದು ‘ಹೋಲ್ಡಿಂಗ್ ದ ಬಾಲ್’, ಅಂದ್ರೆ ಟ್ಯಾಕಲ್ ಆದಾಗಲೂ ಚೆಂಡು ಬಿಡದವನನ್ನು ಶಿಕ್ಷಿಸುವ ನಿಯಮದ ತಲೆನೋವು. ನಿಯಮ ಓದೋಕೆ ಸುಲಭ, ಅಂಪೈರಿಂಗ್ ಮಾಡೋಕೆ ಕಷ್ಟ.

ಅಂಪೈರ್ ಮೊದಲು ನೋಡುವುದು, ಟ್ಯಾಕಲ್ ಬೀಳುವ ಮುಂಚೆ ಆಟಗಾರನಿಗೆ ಚೆಂಡು ಬಿಟ್ಟುಕೊಡಲು ಅವಕಾಶ ಇತ್ತಾ ಅಂತ. ಅವನು ಓಡಿದ್ದರೆ, ಎದುರಾಳಿಯನ್ನು ತಪ್ಪಿಸಲು ಹೋಗಿದ್ದರೆ, ಅವಕಾಶ ಇತ್ತು ಎಂದೇ ಲೆಕ್ಕ. ಆಮೇಲೆ ಸಿಕ್ಕಿಬಿದ್ದರೆ ತಕ್ಷಣ ಚೆಂಡನ್ನು ಕಾಲಲ್ಲಿ ಒದೆಯಬೇಕು, ಇಲ್ಲಾ ಮುಷ್ಟಿಯಿಂದ ಹೊಡೆಯಬೇಕು. ಆಗಲಿಲ್ಲ ಅಂದ್ರೆ ಫ್ರೀ ಕಿಕ್ ಎದುರಾಳಿಗೆ. ಎಷ್ಟೇ ಒದ್ದಾಡಿದರೂ ವಿನಾಯಿತಿ ಇಲ್ಲ.

ಚೆಂಡು ಕೈಗೆ ಬಂದ ಕ್ಷಣವೇ ಎದುರಾಳಿ ಅವನನ್ನು ಹಿಡಿದುಬಿಟ್ಟರೆ ಕಥೆ ಬೇರೆ. ಆಗ ಚೆಂಡು ಬಿಡಲು ಪ್ರಾಮಾಣಿಕವಾಗಿ ಪ್ರಯತ್ನಿಸಿದರೆ ಸಾಕು. ಚೆಂಡು ಸಿಕ್ಕಿಹಾಕಿಕೊಂಡರೆ ಬಾಲ್-ಅಪ್. ಆದರೆ ತಾನೇ ಚೆಂಡನ್ನು ಮೈಕೆಳಗೆ ಎಳೆದುಕೊಂಡು ಹೊರಗೆ ಬಿಡದಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಗಲಾಟೆ ಎಲ್ಲಾ ‘ಅವಕಾಶ’, ‘ಪ್ರಯತ್ನ’ ಅನ್ನುವ ಕಡೆಯೇ. ಎರಡನ್ನೂ ಅಳೆಯಲು ಗಡಿಯಾರವಿಲ್ಲ. 2024ರ ಸೀಸನ್ ಮಧ್ಯದಲ್ಲೇ ಈ ಆಟದ ಮುಖ್ಯ ಲೀಗ್ ಎಎಫ್‌ಎಲ್, ಟ್ಯಾಕಲ್ ಆದವನಿಗೆ ಕೊಡುವ ಸಮಯ ಕಡಿಮೆ ಮಾಡಿ ಅಂತ ಅಂಪೈರ್‌ಗಳಿಗೆ ಹೇಳಿತು. ಸೀಸನ್ ನಡೆಯುವಾಗ ಹೀಗೆ ಬದಲಿಸಿದರೆ ಅಭಿಮಾನಿಗಳು ಗೊಂದಲಕ್ಕೆ ಬೀಳದೆ ಇರ್ತಾರಾ?

ಟ್ಯಾಕಲ್ ಭುಜದ ಮೇಲೆ ಅಥವಾ ಮೊಣಕಾಲಿನ ಕೆಳಗೆ ಬಿದ್ದರೆ ಫ್ರೀ ಕಿಕ್ ಚೆಂಡು ಹಿಡಿದವನಿಗೇ ಹೋಗುತ್ತದೆ. ಹೋಲ್ಡಿಂಗ್ ದ ಬಾಲ್ ಕೊಡಿ ಅಂತ ಗ್ಯಾಲರಿಯಲ್ಲಿ ‘ಬಾಲ್!’ ಎಂದು ಕೂಗುವವರು ಇದನ್ನು ನೋಡುವುದೇ ಇಲ್ಲ ಬಿಡಿ. ನನ್ನ ಪ್ರಕಾರ ಅಂಪೈರ್‌ಗಿಂತ ಜಾಸ್ತಿ ತಪ್ಪು ನಿಯಮದ ಪದಗಳದ್ದು.