ಬಾಗಿಲು ಹಾಕಿಕೊಂಡು ಕಾನೂನು ಮಾಡುವುದು ಯಾಕೆ?

ಪ್ರಶ್ನೆ: ಯುರೋಪಿಯನ್ ಯೂನಿಯನ್‌ಗೆ ಚುನಾಯಿತ ಸಂಸತ್ತು ಇದೆ. ಆದರೂ ಅಲ್ಲಿ ಕಾನೂನು ಗುಟ್ಟಾಗಿ ಆಗುತ್ತದೆ ಎಂಬ ದೂರು ಯಾಕೆ?

ಉತ್ತರ: ದೂರಿನಲ್ಲಿ ಹುರುಳಿದೆ. 720 ಸದಸ್ಯರ ಸಂಸತ್ತನ್ನು ಜನರೇ ಆರಿಸುತ್ತಾರೆ, ನಿಜ. ಆದರೆ ಮಸೂದೆ ತರುವ ಅಧಿಕಾರ ಹೆಚ್ಚೂಕಡಿಮೆ ಯೂನಿಯನ್‌ನ ಕಾರ್ಯಾಂಗವಾದ ಕಮಿಷನ್ ಕೈಯಲ್ಲೇ ಇದೆ. ಆಮೇಲೆ ಸಂಸತ್ತು, 27 ದೇಶಗಳ ಮಂತ್ರಿಗಳ ಕೌನ್ಸಿಲ್, ಕಮಿಷನ್ ಮೂರೂ ಕಡೆಯವರು ಕೂತು ‘ಟ್ರೈಲಾಗ್’ ಎಂಬ ಮಾತುಕತೆ ನಡೆಸುತ್ತಾರೆ, ಬಾಗಿಲು ಹಾಕಿಕೊಂಡು. ಯಾವ ಸಾಲು ಯಾರ ಒತ್ತಾಯಕ್ಕೆ ಬದಲಾಯಿತು ಎಂದು ಹೊರಗಿನವರಿಗೆ ತಿಳಿಯುವ ಹೊತ್ತಿಗೆ ಎಲ್ಲಾ ಮುಗಿದಿರುತ್ತದೆ, ಮಂತ್ರಿಯೊಬ್ಬರು ತಮ್ಮ ದೇಶಕ್ಕೆ ಮರಳಿ ‘ನಾನು ಬೇಡ ಅಂದಿದ್ದೆ, ಬ್ರಸೆಲ್ಸ್‌ನಲ್ಲಿರುವ ಯೂನಿಯನ್‌ನವರು ಕೇಳಲಿಲ್ಲ’ ಎಂದರೆ ಮತದಾರ ಅದನ್ನು ಪರೀಕ್ಷಿಸುವುದು ಹೇಗೆ? ನನಗೆ ಜಾಸ್ತಿ ಕಳವಳ ಇದರದ್ದೇ.

2018ರಲ್ಲಿ ಯೂನಿಯನ್‌ನ ಜನರಲ್ ಕೋರ್ಟ್, ಟ್ರೈಲಾಗ್ ದಾಖಲೆಗಳನ್ನು ಸುಮ್ನೆ ಸಾರಾಸಗಟಾಗಿ ಮುಚ್ಚಿಡುವಂತಿಲ್ಲ ಎಂದಿತು. ಒಳ್ಳೆಯ ತೀರ್ಪು. ಆದರೆ ಕೇಳಿದ ಮೇಲೆ ಕೊಡುವುದು ಬೇರೆ, ತಾವಾಗಿ ಪ್ರಕಟಿಸುವುದು ಬೇರೆ, ಅಲ್ವಾ? ಮಾತುಕತೆ ನಡೆಯುವಾಗಲೇ ಕರಡು ಹೊರಬರಬೇಕು. ಪ್ರತಿ ದೇಶದ ನಿಲುವೂ ಹೆಸರು ಸಮೇತ ದಾಖಲಾಗಬೇಕು. ಇನ್ನು, ಇಂಥ ಕಾನೂನು ಬೇಕೆಂದು ಜನ ಒಟ್ಟು 10 ಲಕ್ಷ ಸಹಿ ಸೇರಿಸಿ, ಕನಿಷ್ಠ 7 ದೇಶಗಳಲ್ಲಿ ನಿಗದಿತ ಸಂಖ್ಯೆ ಮುಟ್ಟಿದರೂ ಕಮಿಷನ್ ಮಸೂದೆ ತರಲೇಬೇಕೆಂದಿಲ್ಲ. ಇದೂ ಬದಲಾಗಬೇಕು.