ಘಾಟಿ, ಮಳೆ, ತೋಟದ ಮನೆ ಕರೆಂಟು: ಇವಿ ಚಾರ್ಜಿಂಗ್ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಎಲೆಕ್ಟ್ರಿಕ್ ಕಾರು ತಗೊಂಡವ್ರ ಪ್ರಶ್ನೆಗಳು ಈ ಸಲ ತುಂಬಾ ಬಂದಿವೆ, ಹೆಚ್ಚಿನವು ಕೊಡಗಿಂದಾನೇ. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಇರೋರಿಗೆ ಹೇಳೋ ಸಲಹೆ ಇಲ್ಲಿಗೆ ಹಾಗೇ ಹೊಂದಲ್ಲ. ಅದಕ್ಕೇ ಇವತ್ತು ಇಲ್ಲಿಯವ್ರ ಪ್ರಶ್ನೆಗಳನ್ನಷ್ಟೇ ತಗೊಂಡಿದೀನಿ.

ಪ್ರಶ್ನೆ (ಗೋಣಿಕೊಪ್ಪ): 80%ಗೆ ನಿಲ್ಸಿ ಅಂತ ಒಬ್ರು ಹೇಳ್ತಾರೆ, ದಿನಾ ಫುಲ್ ಮಾಡಿ ಏನೂ ಆಗಲ್ಲ ಅಂತ ಇನ್ನೊಬ್ರು. ಯಾರ ಮಾತು ಕೇಳ್ಬೇಕು ಸಾರ್?

ಇಬ್ರೂ ಹೇಳ್ತಿರೋದು ಸರೀನೇ, ಆದ್ರೆ ಬೇರೆ ಬೇರೆ ಬ್ಯಾಟರಿ ಬಗ್ಗೆ ಹೇಳ್ತಿದಾರೆ. ಮೊದ್ಲು ನಿಮ್ಮ ಕಾರಲ್ಲಿ ಯಾವ ಸೆಲ್ ಇದೆ ನೋಡ್ಕೊಳಿ. ಟಾಟಾ ನೆಕ್ಸಾನ್, ಟಿಯಾಗೊ, ಪಂಚ್ ಇವಿಗಳಲ್ಲಿ, ಬಿವೈಡಿ ಆಟೊ 3ರಲ್ಲಿ ಇರೋದು ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್. ಹುಂಡೈ ಕೋನಾ, ಮಹೀಂದ್ರ ಎಕ್ಸ್‌ಯುವಿ400ರಲ್ಲಿ ಇರೋದು ಎನ್‌ಎಂಸಿ, ನಿಕಲ್-ಮ್ಯಾಂಗನೀಸ್-ಕೋಬಾಲ್ಟ್. ಎನ್‌ಎಂಸಿ ಆದ್ರೆ ದಿನನಿತ್ಯಕ್ಕೆ 80% ಸಾಕು, ದೂರ ಹೋಗೋ ದಿನ ಮಾತ್ರ ಫುಲ್ ಮಾಡಿ. ಎಲ್‌ಎಫ್‌ಪಿ ಸ್ವಲ್ಪ ಗಟ್ಟಿ ಜಾತಿ. ಅದ್ರಲ್ಲಿ ಇನ್ನೊಂದು ವಿಷಯ ಇದೆ, ಚಾರ್ಜ್ ತೀರಾ ತಳ ಮುಟ್ಟೋ ತನಕ ವೋಲ್ಟೇಜ್ ಬಹುತೇಕ ಒಂದೇ ಮಟ್ಟದಲ್ಲಿ ಇರುತ್ತೆ, ಹಾಗಾಗಿ ಬ್ಯಾಟರಿ ನೋಡ್ಕೊಳೋ ಒಳಗಿನ ಕಂಪ್ಯೂಟರ್, ಅಂದ್ರೆ ಬಿಎಂಎಸ್‌ಗೆ ನಿಜವಾಗ್ಲೂ ಎಷ್ಟು ಉಳಿದಿದೆ ಅನ್ನೋ ಲೆಕ್ಕ ನಿಧಾನಕ್ಕೆ ತಪ್ಪೋಕೆ ಶುರುವಾಗುತ್ತೆ, ಒಂದ್ಸಲ ಪೂರ್ತಿ ಫುಲ್ ಆದಾಗ್ಲೇ ಆ ಲೆಕ್ಕ ಸರಿಹೋಗೋದು, ಸೆಲ್‌ಗಳೂ ಒಂದೇ ಸಮಕ್ಕೆ ಬರೋದು. ಡಿಸ್‌ಪ್ಲೇ 15% ತೋರಿಸ್ತಿರುವಾಗ್ಲೇ ಗಾಡಿ ದಿಢೀರಂತ ಪವರ್ ಕಮ್ಮಿ ಮಾಡಿದ್ರೆ ಎಷ್ಟೋ ಸಲ ಕಾರಣ ಇದೇ. ವಾರಕ್ಕೊಂದ್ಸಲ, ತಪ್ಪಿದ್ರೆ ಹದಿನೈದು ದಿನಕ್ಕೊಂದ್ಸಲ ಮನೆ ಚಾರ್ಜರಲ್ಲೇ ನಿಧಾನಕ್ಕೆ 100% ಮಾಡಿ.

ಎರಡಕ್ಕೂ ಒಂದೇ ನಿಯಮ ಅಂದ್ರೆ, ಫುಲ್ ಮಾಡಿ ದಿನಗಟ್ಲೆ ಹಾಗೇ ಬಿಡಬೇಡಿ. ಫುಲ್ ಚಾರ್ಜು, ಬಿಸಿ ಎರಡೂ ಸೇರಿದ್ರೆ ಸೆಲ್ ನಿಂತಲ್ಲೇ ಹಳೇದಾಗುತ್ತೆ. ಬಿಸಿ ವಿಷಯದಲ್ಲಿ ನೀವು ಪುಣ್ಯವಂತ್ರು, ರಾಯಚೂರು ಕಲಬುರ್ಗಿ ಬಿಸಿಲಲ್ಲಿ ನಿಲ್ಲೋ ಕಾರಿಗಿಂತ ನಿಮ್ಮ ಕಾರಿನ ಬ್ಯಾಟರಿ ಹೆಚ್ಚು ಬಾಳಿಕೆ ಬರೋಕೆ ನಿಮ್ಮೂರಿನ ಹವೆನೇ ಸಾಕು.

ಪ್ರಶ್ನೆ (ಮಡಿಕೇರಿ): ಮಂಗಳೂರಿಗೆ ಹೋಗೋಣ ಅಂತ 100% ಮಾಡ್ಕೊಂಡು ಹೊರಟ್ವಿ, ಸಂಪಾಜೆ ಘಾಟಿ ಇಳಿಯುವಾಗ ರೀಜೆನ್ (ಇಳಿಜಾರಲ್ಲಿ ಮೋಟರೇ ಗಾಡಿ ಹಿಡಿದು ಬ್ಯಾಟರಿಗೆ ಕರೆಂಟ್ ತುಂಬೋದು) ಹಿಡೀಲೇ ಇಲ್ಲ, ಬ್ರೇಕ್ ತುಳಿದೂ ತುಳಿದೂ ಸುಟ್ಟ ವಾಸನೆ ಬಂತು. ಕಾರಲ್ಲಿ ದೋಷ ಇದ್ಯಾ?

ದೋಷ ಏನೂ ಇಲ್ಲ. ತುಂಬಿದ ಬ್ಯಾಟರಿಗೆ ಮತ್ತೆ ಕರೆಂಟ್ ತುಂಬೋಕೆ ಜಾಗ ಇಲ್ಲ, ಹಾಗಾಗಿ ಬಿಎಂಎಸ್ ರೀಜೆನ್‌ನ ಕಮ್ಮಿ ಮಾಡುತ್ತೆ ಇಲ್ಲಾ ಪೂರ್ತಿ ನಿಲ್ಲಿಸುತ್ತೆ. ಪೆಟ್ರೋಲ್ ಗಾಡೀಲಾದ್ರೆ ಸೆಕೆಂಡ್ ಗೇರಿಗೆ ಹಾಕಿ ಇಂಜಿನ್ ಹಿಡಿತದಲ್ಲಿ ಇಳೀತಿದ್ರಿ, ಇಲ್ಲಿ ಆ ದಾರಿ ಇಲ್ಲ, ರೀಜೆನ್ ಹೋದ್ರೆ ಇಡೀ ಭಾರ ಬ್ರೇಕ್ ಪ್ಯಾಡ್ ಮೇಲೇನೇ.

ಲೆಕ್ಕ ನೋಡಿ. ನಾಲ್ಕು ಜನ, ಲಗೇಜು ಸೇರಿ ಕಾರು ಸುಮಾರು 1,700 ಕೆಜಿ ಅಂತಿಟ್ಕೊಳಿ, ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯೋ ಎತ್ತರ ಹತ್ತತ್ರ 1,000 ಮೀಟರ್. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿದ್ರೆ ಬಿಡುಗಡೆಯಾಗೋ ಶಕ್ತಿ ಸುಮಾರು 4.5 ಯೂನಿಟ್. ಗಾಳಿಗೆ, ಟೈರಿನ ಎಳೆತಕ್ಕೆ, ಮೋಟರಿನ ನಷ್ಟಕ್ಕೆ ಹೋಗಿ ಬ್ಯಾಟರಿಗೆ ವಾಪಸ್ ಸೇರೋದು 2 ಯೂನಿಟ್ ಆಸುಪಾಸು. 30 ಯೂನಿಟ್ ಬ್ಯಾಟರಿಗೆ ಅದು 6-7%. ಅಂದ್ರೆ ಮನೆಯಿಂದ 90%ಗೆ ಹೊರಟ್ರೆ ಸಾಕು, ಘಾಟಿ ಇಳಿಯೋ ಅಷ್ಟೊತ್ತಿಗೆ ಚಾರ್ಜ್ ಹೊರಟಾಗ ಇದ್ದದ್ದಕ್ಕಿಂತ ಒಂಚೂರು ಜಾಸ್ತೀನೇ ಇರುತ್ತೆ, ಬ್ರೇಕೂ ತಣ್ಣಗಿರುತ್ತೆ. ಮಳೆಗಾಲದ ಮಂಜಲ್ಲಿ, ಮುಂದೆ ಲಾರಿ ಇರೋ ತಿರುವಲ್ಲಿ ಬ್ರೇಕ್ ಕೈಕೊಟ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ದಯವಿಟ್ಟು ಮಡಿಕೇರಿ ಕಡೆಯವ್ರೆಲ್ಲ ಇದನ್ನ ಅಭ್ಯಾಸ ಮಾಡ್ಕೊಳಿ. ಆ ಕೊನೇ 10% ಬೇಕೇ ಬೇಕು ಅಂದ್ರೆ ಕೆಳಗಿಳಿದ ಮೇಲೆ ತುಂಬಿಸ್ಕೊಳಿ.

ಪ್ರಶ್ನೆ (ಸಿದ್ದಾಪುರ ಹತ್ರದ ತೋಟ): ಕಾರ್ ಜೊತೆ ಕೊಟ್ಟ ಚಾರ್ಜರ್ ಹಾಕಿದ್ರೆ ಕೆಂಪು ಲೈಟ್ ಬರುತ್ತೆ, ಚಾರ್ಜ್ ಆಗಲ್ಲ. ನಮ್ಮ ಎಲೆಕ್ಟ್ರಿಷಿಯನ್ ಸಾಕೆಟ್ ಒಳಗೆ ನ್ಯೂಟ್ರಲ್ಲಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕ್ಕೊಡ್ತೀನಿ, ಸರಿಹೋಗುತ್ತೆ ಅಂತಿದಾರೆ. ಹಾಕಿಸ್ಲಾ?

ಬೇಡ. ಖಂಡಿತ ಬೇಡ. ಈಗಾಗ್ಲೇ ಹಾಕಿದ್ರೆ ಇವತ್ತೇ ತೆಗೆಸಿ. ಹಾಗೆ ಮಾಡಿದ್ರೆ ಚಾರ್ಜರ್ ಮೋಸ ಹೋಗುತ್ತೆ ನಿಜ, ಲೈಟೂ ಹಸಿರಾಗುತ್ತೆ, ಆದ್ರೆ ನಾಳೆ ಗಾಳಿಗೆ ಮರದ ಕೊಂಬೆ ಬಿದ್ದು ಕಂಬದಿಂದ ಬರೋ ನ್ಯೂಟ್ರಲ್ ಕಟ್ ಆದ್ರೆ ಕಾರಿನ ಬಾಡಿಗೇ 230 ವೋಲ್ಟ್ ಬರಬಹುದು. ಒದ್ದೆ ಅಂಗಳದಲ್ಲಿ ಚಪ್ಪಲಿ ಇಲ್ದೆ ನಿಂತು ಮಗು ಡೋರ್ ಹಿಡಿದ್ರೆ ಅಂತ ಯೋಚನೆ ಮಾಡಿ. ಕೆಂಪು ಲೈಟ್ ಬಂತು ಅಂದ್ರೆ ಹೆಚ್ಚಾಗಿ ಚಾರ್ಜರ್ ಕೆಟ್ಟಿರಲ್ಲ, ನಿಮ್ಮನೇಲಿ ಅರ್ಥಿಂಗ್ ಇಲ್ಲ ಅಂತ ಅದು ಹೇಳ್ತಿರೋದು.

ಮಲ್ಟಿಮೀಟರ್ ಇರೋರ ಹತ್ರ ನ್ಯೂಟ್ರಲ್-ಅರ್ಥ್ ಮಧ್ಯ ವೋಲ್ಟೇಜ್ ನೋಡ್ಸಿ, ಎರಡು ಮೂರು ವೋಲ್ಟ್ ಒಳಗಿದ್ರೆ ಒಳ್ಳೇದು, ಇಪ್ಪತ್ತು ಮೂವತ್ತು ತೋರಿಸಿದ್ರೆ ಅರ್ಥ್ ಹೆಸರಿಗಷ್ಟೇ ಇದೆ ಅಂತ. ಹಳೇ ತೋಟದ ಮನೆಗಳಲ್ಲಿ ಅರ್ಥ್ ಪೈಪು ಮಣ್ಣೊಳಗೆ ತುಕ್ಕು ಹಿಡಿದು ಹೋಗಿರುತ್ತೆ. ಹೊಸದಾಗಿ ಗುಂಡಿ ತೋಡ್ಸಿ, ಪೈಪ್ ಇಳಿಸಿ ಸರಿಯಾಗಿ ಮಾಡ್ಸಿ, ಬೇಸಿಗೇಲಿ ಮಣ್ಣು ಒಣಗಿದಾಗ ಆಗಾಗ ನೀರು ಹಾಕಿ.

ಹಾಗೇ ಆ ಸಾಕೆಟ್ ಕಡೆಗೂ ಒಂದು ಕಣ್ಣಿಡಿ. ಗೀಸರ್ ಕಾಲು ಗಂಟೆ ಓಡುತ್ತೆ, ಕಾರು ಎಂಟೊಂಬತ್ತು ಗಂಟೆ ಒಂದೇ ಸಮ ಎಳೆಯುತ್ತೆ. ಚಾರ್ಜ್‌ಗೆ ಹಾಕಿ ಒಂದು ಗಂಟೆ ಆದ್ಮೇಲೆ ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ತೊಂದ್ರೆ ಇಲ್ಲ, ಕೈ ಇಡೋಕಾಗದಷ್ಟು ಸುಡ್ತಿದ್ರೆ ಚಾರ್ಜ್ ನಿಲ್ಸಿ, ಮೇನ್ ಆಫ್ ಮಾಡಿ ಆಮೇಲೆ ತೆಗೀರಿ. ಪಿನ್ ಹೋಗೋ ತೂತಿನ ಸುತ್ತ ಕಂದು ಬಣ್ಣ ಬಂದಿದ್ರೆ ಆ ಸಾಕೆಟ್ ಬದಲಾಯಿಸ್ಲೇಬೇಕು. ಮೀಟರ್ ಬೋರ್ಡಿಂದ ಕಾರಿಗೇ ಅಂತ ಪ್ರತ್ಯೇಕ ಲೈನು, 4 ಚದರ ಮಿ.ಮೀ. ತಾಮ್ರದ ವೈರು, ಅದಕ್ಕೊಂದು ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್), ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ 30 ಮಿಲಿಆಂಪ್ ಆರ್‌ಸಿಸಿಬಿ ಹಾಕ್ಸಿ. ಎಕ್ಸ್‌ಟೆನ್ಷನ್ ಬಾಕ್ಸಲ್ಲಿ ಕಾರು ಚಾರ್ಜ್ ಮಾಡೋದು ಬೇಡವೇ ಬೇಡ. ಬ್ಯಾಟರಿ ಎಲ್ಲಿ ಹಾಳಾಗುತ್ತೋ ಅಂತ ರಾತ್ರಿ ನಿದ್ದೆ ಕೆಡಿಸ್ಕೊಳೋರು ಈ ವೈರಿಂಗ್ ಬಗ್ಗೆ ಅದರ ಅರ್ಧದಷ್ಟೂ ಚಿಂತೆ ಮಾಡಲ್ಲ ಅನ್ನೋದೇ ನನಗೆ ಬೇಜಾರು.

ಪ್ರಶ್ನೆ (ಸೋಮವಾರಪೇಟೆ): ಮಳೆಗಾಲದಲ್ಲಿ ವೋಲ್ಟೇಜ್ ಸರಿ ಇರಲ್ಲ, ಕರೆಂಟ್ ಹೋಗ್ತಾ ಬರ್ತಾ ಇರುತ್ತೆ. ಬ್ಯಾಟರಿಗೆ ಪೆಟ್ಟಾಗುತ್ತಾ? ಮಳೇಲಿ ಚಾರ್ಜ್ ಹಾಕಬಹುದಾ?

ಕರೆಂಟ್ ಹೋಗಿ ಬಂದ್ರೆ ಬ್ಯಾಟರಿಗೆ ಏನೂ ಆಗಲ್ಲ. ಕಾರೊಳಗಿನ ಚಾರ್ಜರ್ ಮನೆಯ ಎಸಿ ಕರೆಂಟನ್ನ ಬ್ಯಾಟರಿಗೆ ಬೇಕಾದ ಡಿಸಿ ಮಾಡಿ ಹದವಾಗಿ ಕೊಡುತ್ತೆ, ವೋಲ್ಟೇಜ್ ತೀರಾ ಕಮ್ಮಿ ಆದ್ರೆ ತಾನೇ ನಿಲ್ಸುತ್ತೆ. ಟೈಮ್ ಜಾಸ್ತಿ ಹಿಡಿಯುತ್ತೆ ಅಷ್ಟೇ. ಕಾರಿನ ಕಡೆ ಚಾರ್ಜಿಂಗ್ ಗನ್ ಸರಿಯಾಗಿ ಕೂತಿದ್ರೆ ಮಳೆಗೆ ಹೆದರಬೇಕಾಗಿಲ್ಲ, ಆದ್ರೆ ಗೋಡೆ ಸಾಕೆಟ್ಟು, ಮಧ್ಯದ ಚಾರ್ಜರ್ ಬಾಕ್ಸು ಎರಡೂ ಸೂರಿನ ಕೆಳಗೇ ಇರ್ಬೇಕು, ನೀರಲ್ಲಿ ಬಿದ್ದಿರಬಾರದು. ಬೇಸಿಗೆಯ ಹೂಮಳೆ ಹೊತ್ತಿನ ಗುಡುಗು ಸಿಡಿಲಿಗೆ ಮಾತ್ರ ಪ್ಲಗ್ ತೆಗೆದಿಡೋದೇ ಕ್ಷೇಮ, ಸಿಡಿಲು ಶುರುವಾಗೋ ಮುಂಚೇನೇ. ಮನೆ ಜನರೇಟರಲ್ಲಿ ಹಾಕಿದ್ರೆ ಅಲ್ಲೂ ಅರ್ಥ್ ಸರಿ ಇಲ್ದೆ ಎರರ್ ಬರೋದೇ ಹೆಚ್ಚು, ನೆಚ್ಚಿಕೊಳ್ಬೇಡಿ.

ಜೂನಿಂದ ಆಗಸ್ಟ್ ವರೆಗೆ 20% ತನಕ ಇಳಿಯೋಕೆ ಬಿಡ್ಬೇಡಿ. 2018ರ ಆಗಸ್ಟಲ್ಲಿ ಗುಡ್ಡ ಜರಿದು ರಸ್ತೆ ಕಟ್ ಆಗಿ, ಕರೆಂಟ್ ಇಲ್ದೆ ಊರುಗಳು ಹೇಗಿದ್ವು ಅಂತ ನಿಮಗೇ ಗೊತ್ತು. ರಾತ್ರಿ ಆಸ್ಪತ್ರೆಗೆ ಓಡ್ಬೇಕಾದ್ರೆ ಬ್ಯಾಟರಿ ಆಯಸ್ಸಿನ ಲೆಕ್ಕ ಯಾರಿಗೂ ಬೇಡ, 70-80% ಇರ್ಲಿ.

ಪ್ರಶ್ನೆ (ಕುಶಾಲನಗರ): ತಿಂಗಳಗಟ್ಲೆ ಮಗನ ಮನೇಲಿ ಇರ್ತೀವಿ, ಕಾರನ್ನ ಚಾರ್ಜಿಗೆ ಹಾಕೇ ಹೋಗ್ಲಾ?

ಹಾಕ್ಬೇಡಿ. 50-60% ಇಟ್ಟು ಪ್ಲಗ್ ತೆಗೆದು ಹೋಗಿ, ದೊಡ್ಡ ಬ್ಯಾಟರಿ ತಿಂಗಳಲ್ಲಿ ಒಂದೆರಡು ಪರ್ಸೆಂಟ್ ಇಳಿದ್ರೆ ಹೆಚ್ಚು. ಕೈಕೊಡೋದು ಸಣ್ಣ 12 ವೋಲ್ಟ್ ಬ್ಯಾಟರಿ, ಅದು ಸತ್ರೆ ಡೋರೂ ಸರಿಯಾಗಿ ತೆಗಿಯಲ್ಲ. ವಾರ ಎರಡು ವಾರಕ್ಕೊಮ್ಮೆ ಪಕ್ಕದ ಮನೆಯವ್ರ ಕೈಲಿ ಕಾರು ಆನ್ ಮಾಡ್ಸಿ, ಅರ್ಧ ಗಂಟೆ ಓಡಾಡ್ಸಿ. ಬಾನೆಟ್ ಎತ್ತಿ ಇಲಿ ವೈರ್ ಕಡಿದಿದ್ಯಾ ಅಂತಾನೂ ನೋಡೋಕೆ ಹೇಳಿ. ಕಿತ್ತಳೆ ಬಣ್ಣದ ಕೇಬಲ್ ಕಡಿದಿದ್ರೆ ಮುಟ್ಟಬಾರದು, ಅದು ಹೈವೋಲ್ಟೇಜ್, ನೇರ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ.