ಕಾಲಷ್ಟೇ ಕಂಡ ಹೆಂಗಸು

ನಮಸ್ಕಾರ ಮೇಡಂ,

ಮೊಮ್ಮಗನ ಜೊತೆ ಹಳೆಯ ‘ಟಾಮ್ ಅಂಡ್ ಜೆರ್ರಿ’ ನೋಡಲು ಕೂತಾಗ, ಇದರಲ್ಲಿ ಜನಾಂಗದ ಬಗ್ಗೆ ಕೀಳು ಚಿತ್ರಣವಿದೆ ಎಂಬ ಎಚ್ಚರಿಕೆ ಮೊದಲೇ ಬಂತು ಅಂತ ಬರೆದಿದ್ದೀರಿ. ‘ಬೆಕ್ಕು ಇಲಿ ಜಗಳದಲ್ಲಿ ಜನಾಂಗ ಎಲ್ಲಿಂದ ಬಂತು? ಅಂಥದ್ದಿದ್ದರೆ ಕತ್ತರಿಸಿ ಹಾಕಲಿ, ಸುಮ್ನೆ ಯಾಕೆ ಹೆದರಿಸೋದು?’ ಎಂದು ಕೇಳಿದ್ದೀರಿ. ನಾನೂ ಆ ಚಿತ್ರಗಳನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕವನು. ಆದರೂ ಆ ಎಚ್ಚರಿಕೆ ಇರಬೇಕು ಅಂತಲೇ ನನಗನ್ನಿಸುತ್ತದೆ. ಕತ್ತರಿ ಮಾತ್ರ ಬೇಡ.

ಪೊರಕೆ ಹಿಡಿದು ‘ಥಾಮಸ್!’ ಎಂದು ಕೂಗುತ್ತಾ ಬರುವ ಆ ಹೆಂಗಸು ನೆನಪಿದ್ದಾಳಲ್ವಾ? ದಪ್ಪ ಕಾಲು, ಜಾರಿದ ಕಾಲುಚೀಲ. ಮುಖವೇ ಇಲ್ಲ. 1940ರ ಮೊದಲ ಚಿತ್ರದಿಂದ 1952ರವರೆಗೂ ಅವಳು ಹೀಗೇ ಬಂದಳು. ಅವಳನ್ನು ಕರೆಯುವುದು ‘ಮ್ಯಾಮಿ ಟೂ ಶೂಸ್’ ಅಂತ. ಮ್ಯಾಮಿ ಅನ್ನುವುದು ಒಬ್ಬಳ ಹೆಸರಲ್ಲ. ಗುಲಾಮಗಿರಿಯ ಕಾಲದಿಂದಲೂ ಅಮೆರಿಕದ ಬಿಳಿಯರ ಮನೆಯಲ್ಲಿ ಅಡುಗೆ ಮಾಡಿ, ಅವರ ಮಕ್ಕಳನ್ನು ಸಾಕಿದ ಕಪ್ಪು ಹೆಂಗಸರಿಗೆಲ್ಲ ಹಾಕಿದ ಒಂದೇ ಅಚ್ಚು ಅದು. ಬಾಂಬು ಸಿಡಿದ ಮೇಲೆ ಟಾಮ್‌ನ ಮುಖ ಕಪ್ಪಾಗಿ, ತುಟಿ ಉಬ್ಬುತ್ತದಲ್ಲ, ಅದೂ ಹಾಗೇ. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರನ್ನು ಆಡಿಕೊಳ್ಳುತ್ತಿದ್ದ ರಂಗದಾಟದಿಂದ ಬಂದ ನಗೆ. ನಮಗೆ ಇಲ್ಲಿ ಅದು ಬರೀ ಹೊಗೆಯ ಮಸಿಯಾಗಿ ಕಂಡಿತು. ಅಲ್ಲಿನ ಕಪ್ಪು ಮಗುವಿಗೆ ಹಾಗೆ ಕಂಡಿರಲಿಕ್ಕಿಲ್ಲ.

ನೀವು ಹೇಳಿದ ಕತ್ತರಿಯನ್ನು ಚಿತ್ರದ ಕಂಪನಿಯವರು ಆಗಲೇ ಹಾಕಿ ನೋಡಿದ್ದಾರೆ. 1960ರ ದಶಕದಲ್ಲಿ ಟಿ.ವಿ.ಗೆ ಕೊಡುವಾಗ ಹಲವು ಚಿತ್ರಗಳಲ್ಲಿ ಅವಳನ್ನು ಅಳಿಸಿ ಬಿಳಿಯ ಹೆಂಗಸನ್ನು ಬರೆದರು, ಬೇರೆಯವರ ದನಿ ಸೇರಿಸಿದರು. ಹೀಗೆ ಹೋದದ್ದು ಮ್ಯಾಮಿಗೆ ಮಾತಾಡಿದ್ದ ಲಿಲಿಯನ್ ರಾಂಡಾಲ್ಫ್ ಎಂಬ ಕಪ್ಪು ನಟಿಯ ದನಿ. ಮೊದಲು ಆಕೆಯ ಮುಖ ಇರಲಿಲ್ಲ, ಆಮೇಲೆ ದನಿಯೂ ಇಲ್ಲವಾಯಿತು. ನನಗೆ ತುಂಬಾ ನೋವಾಗುವುದು ಇಲ್ಲಿ. ತಪ್ಪು ಮಾಡಿದವರು ಚಿತ್ರ ಬರೆದವರು, ಮರೆಯಾದವರು ಆಕೆ. 2005ರಲ್ಲಿ ಹಳೆಯ ಚಿತ್ರಗಳ ಡಿವಿಡಿ ಬಂದಾಗ ನಟಿ ವೂಪಿ ಗೋಲ್ಡ್‌ಬರ್ಗ್ ಮುನ್ನುಡಿಯಲ್ಲಿ ಇದನ್ನೇ ಹೇಳಿದರು: ತೆಗೆದುಹಾಕಿದರೆ ಇದೆಲ್ಲ ನಡೆದೇ ಇಲ್ಲ ಅಂದಂತಾಗುತ್ತದೆ.

ಚಿತ್ರದಲ್ಲಿ ಯಾವ ಜನರನ್ನು ತೋರಿಸಿದ್ದಾರೋ ಅವರನ್ನು ಕೇಳುವುದೂ ಮುಖ್ಯ. ಮೆಕ್ಸಿಕೋದ ಇಲಿ ಸ್ಪೀಡಿ ಗೊನ್ಸಾಲೆಸ್‌ನ ಚಿತ್ರಗಳನ್ನು 1999ರಲ್ಲಿ ಕಾರ್ಟೂನ್ ನೆಟ್‌ವರ್ಕ್ ನಿಲ್ಲಿಸಿತ್ತು. ‘ಅವನು ನಮ್ಮವನು, ಬೇಕು’ ಅಂತ ಲ್ಯಾಟಿನೋ ಜನರೇ (ಮೆಕ್ಸಿಕೋ ಮೊದಲಾದ ಲ್ಯಾಟಿನ್ ಅಮೆರಿಕದ ಮೂಲದವರೇ) ಒತ್ತಾಯಿಸಿದ ಮೇಲೆ 2002ರಲ್ಲಿ ವಾಪಸ್ ಬಂದ.

ಮೊಮ್ಮಗನಿಗೆ ಧಾರಾಳವಾಗಿ ತೋರಿಸಿ ಮೇಡಂ, ಜೊತೆಗೆ ಕೂತು ತೋರಿಸಿ. 1950ರ ‘ಸ್ಯಾಟರ್ಡೇ ಈವ್ನಿಂಗ್ ಪಸ್’ನ ಮೂಲ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿ ಅವಳು ಒಡವೆ ಹಾಕಿಕೊಂಡು ಗೆಳತಿಯರ ಜೊತೆ ಇಸ್ಪೀಟಾಡಲು ಹೋಗುತ್ತಾಳೆ. ಜೆರ್ರಿ ಫೋನ್ ಮಾಡಿದ ಕೂಡಲೇ ಮನೆಗೆ ಓಡಿ ಬರುತ್ತಾಳೆ. ಆ ಓಟದಲ್ಲಿ ಒಂದೇ ಒಂದು ಕ್ಷಣ ಅವಳ ಮುಖ ಕಾಣುತ್ತದೆ. ಅಲ್ಲಿ ನಿಲ್ಲಿಸಿ, ಹುಡುಗನಿಗೆ ತೋರಿಸಿ.

– ಸಂಪಾದಕ